ಕೊಡಗಿನ ಮನೆಯಲ್ಲಿ ‘ದಿ ಇನ್ನೊಸೆಂಟ್ಸ್’: ಮಕ್ಕಳಿರುವ ಹಳೆಯ ದೆವ್ವದ ಸಿನಿಮಾ ನೋಡುವ ಬಗೆ

ಮಕ್ಕಳ ಸುತ್ತ ಹೆಣೆದ ಹಳೆಯ ದೆವ್ವದ ಸಿನಿಮಾಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ 1961ರ ಬ್ರಿಟಿಷ್ ಚಿತ್ರ ‘ದಿ ಇನ್ನೊಸೆಂಟ್ಸ್’ ಆರಿಸಿಕೊಳ್ಳಿ. ನಿರ್ದೇಶಕ ಜಾಕ್ ಕ್ಲೇಟನ್, ಕ್ಯಾಮೆರಾ ಫ್ರೆಡ್ಡಿ ಫ್ರಾನ್ಸಿಸ್, ಮುಖ್ಯ ಪಾತ್ರದಲ್ಲಿ ಡೆಬೊರಾ ಕೆರ್. ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ನೀಳ್ಗತೆ ಇದಕ್ಕೆ ಮೂಲ. ಊರಿಂದ ದೂರ ಒಂದು ದೊಡ್ಡ ಬಂಗಲೆ. ತಂದೆತಾಯಿ ಇಲ್ಲದ ಅಣ್ಣ ಮೈಲ್ಸ್, ತಂಗಿ ಫ್ಲೋರಾ. ಅವರನ್ನು ನೋಡಿಕೊಳ್ಳಲು, ಪಾಠ ಹೇಳಿಕೊಡಲು ಬಂದ ಮಿಸ್ ಗಿಡೆನ್ಸ್. ಅದೇ ಮನೆಯಲ್ಲಿ ಕೆಲಸಕ್ಕಿದ್ದು ತೀರಿಹೋದ ಇಬ್ಬರು ಆಕೆಯ ಕಣ್ಣಿಗೆ ಬೀಳತೊಡಗುತ್ತಾರೆ. ಮಕ್ಕಳಿಗೂ ಅವರು ಕಾಣುತ್ತಿದ್ದಾರೆಯೇ, ಕಂಡೂ ಮುಚ್ಚಿಡುತ್ತಿದ್ದಾರೆಯೇ, ಇಲ್ಲ ಎಲ್ಲವೂ ಆಕೆಯ ಮನಸ್ಸಿನಲ್ಲೇ ಹುಟ್ಟಿದ್ದೇ? ಇದಕ್ಕೆ ಸಿನಿಮಾ ಕೊನೆಯವರೆಗೂ ನೇರ ಉತ್ತರ ಕೊಡುವುದಿಲ್ಲ.

ಇಲ್ಲಿ ರಕ್ತ ಇಲ್ಲ, ಮೈಮೇಲೆ ಎಗರಿ ಬರುವ ದೆವ್ವವೂ ಇಲ್ಲ. ಹೆದರಿಕೆ ಇರುವುದು ಎರಡು ಕಡೆ: ಚಿತ್ರದ ಅಂಚಿನ ಕತ್ತಲಲ್ಲಿ, ಮತ್ತು ಇದ್ದಕ್ಕಿದ್ದಂತೆ ನಿಂತುಹೋಗುವ ಸದ್ದಿನಲ್ಲಿ. ಟಿವಿಯ ತಪ್ಪು ಸೆಟ್ಟಿಂಗ್ ಅಂಚನ್ನು ಕತ್ತರಿಸಿ, ಛಾವಣಿ ಶೀಟಿನ ಮೇಲಿನ ಮಳೆ ನಿಶ್ಶಬ್ದವನ್ನು ನುಂಗಿಬಿಟ್ಟರೆ, ನೂರು ನಿಮಿಷ ಕೂತವರು ‘ತುಂಬಾ ಸ್ಲೋ’ ಎಂದು ಎದ್ದುಹೋಗುತ್ತಾರೆ. ಅದು ಸಿನಿಮಾದ ತಪ್ಪಲ್ಲ. ಮುಂದಿನ ತಯಾರಿಯೆಲ್ಲ ಹೆಚ್ಚಾಗಿ ಈ ಎರಡನ್ನು ಉಳಿಸಿಕೊಳ್ಳುವುದಕ್ಕೇ.

ಸರಿಯಾದ ಪ್ರತಿ ಹಿಡಿಯುವುದು

ಇದೇ ಹೆಸರಿನ ಬೇರೆ ಸಿನಿಮಾಗಳಿವೆ. 2021ರ ನಾರ್ವೆಯ ಚಿತ್ರವೊಂದು ಇಂಗ್ಲಿಷಿನಲ್ಲಿ ಇದೇ ಹೆಸರು ಹೊತ್ತಿದೆ. ಅದೂ ಮಕ್ಕಳ ಬಗೆಗಿನ ಹಾರರ್ ಚಿತ್ರವೇ ಆದ್ದರಿಂದ ಹುಡುಕುವಾಗ ಮೋಸ ಹೋಗುವುದು ಸುಲಭ. ಅದರಲ್ಲಿ ಬೆಕ್ಕೊಂದನ್ನು ಹಿಂಸಿಸುವ ದೃಶ್ಯವಿದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗೊತ್ತಿಲ್ಲದೆ ಅದನ್ನು ಹಾಕಿದರೆ ಆ ಸಂಜೆ ಕೆಟ್ಟಿತೆಂದೇ ಲೆಕ್ಕ. ವರ್ಷ 1961, ಕಪ್ಪುಬಿಳುಪು, ಅವಧಿ ಸುಮಾರು 100 ನಿಮಿಷ, ನಿರ್ದೇಶಕ ಕ್ಲೇಟನ್: ಈ ನಾಲ್ಕೂ ಹೊಂದಿದರೆ ಮಾತ್ರ ಮುಂದುವರಿಯಿರಿ.

ಡಿಸ್ಕ್ ತರಿಸುವವರು ರೀಜನ್, ಅಂದರೆ ಅದು ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎನ್ನುವ ಗುರುತು, ನೋಡಿ ತರಿಸಬೇಕು. ಡಿವಿಡಿಯಲ್ಲಿ ಭಾರತ 5, ಬ್ರಿಟನ್ 2, ಅಮೆರಿಕ 1. ಬ್ಲೂ-ರೇಯಲ್ಲಿ ಭಾರತ ‘ಸಿ’, ಬ್ರಿಟನ್ ‘ಬಿ’, ಅಮೆರಿಕ ‘ಎ’. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಹೊರದೇಶದ ಡಿಸ್ಕ್ ಇಲ್ಲಿ ತೆರೆದುಕೊಳ್ಳದೇ ಹೋಗಬಹುದು. ಬ್ರಿಟನ್ನಿನ ಡಿವಿಡಿ ಪಾಲ್ ಎಂಬ ಟಿವಿ ಪದ್ಧತಿಯದು. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾ ಅದರಲ್ಲಿ 25ರ ವೇಗದಲ್ಲಿ ಓಡುತ್ತದೆ, 100 ನಿಮಿಷದ್ದು 96 ನಿಮಿಷಕ್ಕೆ ಮುಗಿಯುತ್ತದೆ. ಯಾವ ದೃಶ್ಯವೂ ಕತ್ತರಿಸಿಹೋಗಿಲ್ಲ, ಗಾಬರಿ ಬೇಡ. ಆದರೆ ಬೇರೆ ಕಡೆಯಿಂದ ತಂದ ಸಬ್‌ಟೈಟಲ್ ಅದಕ್ಕೆ ಹೊಂದುವುದಿಲ್ಲ.

ನೆಟ್ ಮೂಲಕ ನೋಡುವುದಾದರೆ ಆ್ಯಪ್‌ನಲ್ಲೇ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ಫೈಬರ್ ಕೇಬಲ್ ಮೇಲೆ ಕೊಂಬೆ ಬಿದ್ದರೆ ಎರಡು ದಿನ ನೆಟ್ ಇಲ್ಲ. ಗುಣಮಟ್ಟ 1080ಪಿ ಇರಲಿ. ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕ ಹಿಡಿದರೂ 100 ನಿಮಿಷಕ್ಕೆ ಮೂರೂಮುಕ್ಕಾಲು ಜಿಬಿ ಆಗುತ್ತದೆ. ಏಳುನೂರು ಎಂಬಿಗೆ ಅದುಮಿದ ಪ್ರತಿಯಲ್ಲಿ ಕತ್ತಲೆಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಈ ಚಿತ್ರದಲ್ಲಿ ಒಂದು ದೃಶ್ಯ ನಿಧಾನವಾಗಿ ಕರಗುತ್ತ ಇನ್ನೊಂದರೊಳಗೆ ಇಳಿಯುವ ಕಡೆಗಳು ಬಹಳ, ಎರಡು ಮೂರು ಚಿತ್ರಗಳು ಒಂದರ ಮೇಲೊಂದು ಕೂತಿರುತ್ತವೆ. ಮೊದಲು ಕೆಡುವುದೇ ಅಲ್ಲಿ.

ಯಾವ ತಿಂಗಳು, ಯಾವ ಕೋಣೆ

ದೆವ್ವದ ಸಿನಿಮಾ ಎಂದರೆ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲೇ ನೋಡಬೇಕು ಎನ್ನುವವರು ಕೊಡಗಿನಲ್ಲಿ ಜಾಸ್ತಿ. ಹೊರಗೆ ಜಡಿಮಳೆ, ಕೈಯಲ್ಲಿ ಬೆಲ್ಲದ ಕಾಪಿ, ಆ ಸುಖ ಇದ್ದದ್ದೇ. ಆದರೆ ಈ ಒಂದು ಸಿನಿಮಾಕ್ಕೆ ಮಳೆ ಒಳ್ಳೆಯ ಜೊತೆಯಲ್ಲ. ತೋಟದಲ್ಲಿ ಮಿಸ್ ಗಿಡೆನ್ಸ್ ಹೂ ಕತ್ತರಿಸುತ್ತಿರುವಾಗ ಹಕ್ಕಿಗಳ ದನಿ, ಸುತ್ತಲಿನ ಸದ್ದು ಎಲ್ಲ ಒಮ್ಮೆಗೇ ನಿಲ್ಲುತ್ತದೆ, ಆಕೆ ತಲೆಯೆತ್ತಿ ಗೋಪುರದ ಕಡೆ ನೋಡುತ್ತಾಳೆ. ಮೊದಲ ಬಾರಿಗೆ ಎದೆ ಧಸಕ್ಕೆನ್ನುವುದು ಆ ನಿಶ್ಶಬ್ದಕ್ಕೆ. ಜಿಂಕ್ ಶೀಟಿನ ಮೇಲೆ ಮಳೆ ಬಡಿಯುತ್ತಿದ್ದರೆ ಸದ್ದು ನಿಂತದ್ದೇ ತಿಳಿಯುವುದಿಲ್ಲ. ಮಳೆ ಬಿಟ್ಟ ರಾತ್ರಿ ಕಪ್ಪೆ, ಜೀರುಂಡೆಗಳ ಕೂಗು. ಸಿನಿಮಾದ ಹುಳಹುಪ್ಪಟೆ ಯಾವುದು, ಕಿಟಕಿಯಾಚೆಯದು ಯಾವುದು ಎಂದು ಗೊತ್ತಾಗದು.

ಜನವರಿಯ ರಾತ್ರಿಗಳು ಇದಕ್ಕೆ ಹೇಳಿಮಾಡಿಸಿದ್ದು. ಚಳಿ, ಒಣಗಾಳಿ, ಹೊರಗೆ ನಿಶ್ಶಬ್ದ. ಕಾಫಿ ಕೊಯ್ಲಿನ ದಣಿವು ಇರುತ್ತದೆ, ಹಾಗಾಗಿ ಮರುದಿನ ಕೆಲಸ ಇಲ್ಲದ ರಾತ್ರಿ ಆರಿಸಿ. ಫೆಬ್ರವರಿ ಕೊನೆಗೆ ರೊಬಸ್ಟಾ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳು ರಾತ್ರಿಯಿಡೀ ಓಡುತ್ತವೆ. ಪಕ್ಕದ ತೋಟದವರು ಯಾವ ದಿನ ಹಾಕುತ್ತಾರೆ ಎಂದು ಕೇಳಿಕೊಂಡರೆ ಒಳ್ಳೆಯದು.

ಮಳೆಗಾಲದಲ್ಲೇ ನೋಡಬೇಕಾದರೆ ಮರದ ಅಟ್ಟ ಅಥವಾ ಸಿಮೆಂಟ್ ಸೀಲಿಂಗ್ ಇರುವ ಒಳಕೋಣೆ ಬೇಕು. ನೇರ ಹಂಚಿನ ಕೆಳಗೆ, ಶೀಟಿನ ಕೆಳಗೆ ಬೇಡ. ಕೈಯಾಲೆ, ಅಂದರೆ ಹೊರಜಗಲಿಯಂತೂ ಬೇಡವೇ ಬೇಡ. ಐನ್‌ಮನೆಯಲ್ಲಿ (ಕುಲದ ಮೂಲಮನೆ) ಸೇರುವುದಾದರೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ ಬಿಟ್ಟು ಬೇರೆ ಕೋಣೆ ನೋಡಿ. ಅಲ್ಲಿ ಕುಲದ ಹಿರಿಯರಾದ ಗುರುಕಾರಣರ ದೀಪ ಇರುತ್ತದೆ, ಅದನ್ನು ಆರಿಸುವ ಮಾತೇ ಇಲ್ಲ, ದೀಪದ ಬೆಳಕಿದ್ದರೆ ಪರದೆಯ ಕತ್ತಲೂ ಉಳಿಯುವುದಿಲ್ಲ. ಮೇಲಾಗಿ ಮನೆಯ ಹಿರಿಯರು ಒಪ್ಪುವುದೂ ಕಷ್ಟ.

ಸಮಯದ ವಿಷಯದಲ್ಲಿ ಕೊಡಗಿನವರು ಒಂದನ್ನು ಮರೆಯುವಂತಿಲ್ಲ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಆನೆ ಇರುವುದು ಮಾಮೂಲಿ. ಸಿನಿಮಾ ಮುಗಿಸಿ ಕಾಫಿ ತೋಟದ ನಡುವೆ ಟಾರ್ಚ್ ಹಿಡಿದು ನಡೆದುಹೋಗುವ ಯೋಜನೆ ಹಾಕಬೇಡಿ. ಜನವರಿಯಲ್ಲಿ ಏಳಕ್ಕೆಲ್ಲ ಪೂರ್ತಿ ಕತ್ತಲಾಗಿರುತ್ತದೆ. ಏಳಕ್ಕೆ ಸರಿಯಾಗಿ ಹಾಕಿದರೆ ಎಂಟು ನಲವತ್ತಕ್ಕೆ ಮುಗಿಯುತ್ತದೆ. ದೂರದಿಂದ ಬಂದವರು ವಾಹನದಲ್ಲಿ ಹೋಗಲಿ, ಇಲ್ಲವೇ ಅಲ್ಲೇ ಉಳಿದುಕೊಳ್ಳಲಿ.

ಚಿತ್ರದ ಅಂಚು, ಚಿತ್ರದ ಕಪ್ಪು

ಈ ಸಿನಿಮಾವನ್ನು ಸಿನಿಮಾಸ್ಕೋಪ್‌ನಲ್ಲಿ ತೆಗೆದಿದ್ದಾರೆ. ಅಗಲ ಎತ್ತರದ 2.35 ಪಟ್ಟು. ಇಷ್ಟು ಅಗಲದ ಚೌಕಟ್ಟು ಬೇಕೆಂದದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಕ್ಲೇಟನ್‌ಗೆ ಅದು ಇಷ್ಟವಿರಲಿಲ್ಲ. ಆಗ ಫ್ರಾನ್ಸಿಸ್, ನಡುವೆ ತಿಳಿಯಾಗಿ ಅಂಚಿಗೆ ಹೋದಂತೆ ಗಾಢವಾಗುವ ಹಾಗೆ ಬಣ್ಣ ಬಳಿದ ಫಿಲ್ಟರ್‌ಗಳನ್ನು ಲೆನ್ಸ್ ಮುಂದೆ ಇಟ್ಟು ಎರಡೂ ಬದಿಯನ್ನು ಕತ್ತಲಲ್ಲಿ ಮುಳುಗಿಸಿದರು. ಮೇಣದಬತ್ತಿ ಹಿಡಿದು ಮಿಸ್ ಗಿಡೆನ್ಸ್ ರಾತ್ರಿ ಮನೆಯೆಲ್ಲ ಸುತ್ತುವಾಗ ಎಡಬಲ ಮಸಿ ಹಿಡಿದಂತೆ ಕಂಡರೆ ಟಿವಿಯ ಪ್ಯಾನೆಲ್ ಕೆಟ್ಟಿದೆ ಎಂದುಕೊಂಡು ಬ್ರೈಟ್‌ನೆಸ್ ಏರಿಸಬೇಡಿ. ಅದನ್ನು ಹಾಗೆಯೇ ಮಾಡಿದ್ದಾರೆ.

ಟಿವಿಯ ಪಿಕ್ಚರ್ ಸೈಜ್ ‘ಜೂಮ್’ ಅಥವಾ ‘ವೈಡ್ ಜೂಮ್’ನಲ್ಲಿದ್ದರೆ ಮೇಲೆ ಕೆಳಗಿನ ಕಪ್ಪುಪಟ್ಟಿ ಹೋಗಿ ಪರದೆ ತುಂಬಿದಂತೆ ಕಾಣುತ್ತದೆ, ಆದರೆ ಅಗಲದಲ್ಲಿ ಹತ್ತಿರಹತ್ತಿರ ಕಾಲು ಭಾಗ ಕತ್ತರಿಸಿಹೋಗುತ್ತದೆ. ಕ್ಲೇಟನ್ ಮತ್ತು ಫ್ರಾನ್ಸಿಸ್ ಒಂದು ಮುಖವನ್ನು ಎಡ ಅಂಚಿನಲ್ಲಿ ತೀರಾ ಹತ್ತಿರ, ಇನ್ನೊಬ್ಬರನ್ನು ಬಲ ಅಂಚಿನಲ್ಲಿ ದೂರ ನಿಲ್ಲಿಸಿ, ಇಬ್ಬರನ್ನೂ ಸ್ಪಷ್ಟವಾಗಿ ಕಾಣಿಸುತ್ತಾರೆ. ಕತ್ತರಿಸಿದರೆ ಒಬ್ಬರು ಮಾಯ. ಸೈಜನ್ನು ‘16:9’, ‘ಒರಿಜಿನಲ್’ ಅಥವಾ ‘ಜಸ್ಟ್ ಸ್ಕ್ಯಾನ್’ಗೆ ಇಡಿ. ಕಪ್ಪುಪಟ್ಟಿ ಇರಲೇಬೇಕು.

ಉಳಿದ ಸೆಟ್ಟಿಂಗ್‌ಗಳಲ್ಲಿ ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇರಲಿ, ಕಲರ್ ಟೆಂಪರೇಚರ್ ‘ವಾರ್ಮ್’. ‘ಕೂಲ್’ ಇಟ್ಟರೆ ಕಪ್ಪುಬಿಳುಪು ನೀಲಿಗೆ ತಿರುಗುತ್ತದೆ. ಕಲರ್ ಎಂಬುದನ್ನು ಸೊನ್ನೆಗೆ ಇಳಿಸಿದರೆ ಅದುಮಿದ ಪ್ರತಿಯಲ್ಲಿ ಅಲ್ಲಲ್ಲಿ ಮಿನುಗುವ ಹಸಿರು-ಕೆಂಪು ಚುಕ್ಕೆಗಳೂ ಹೋಗುತ್ತವೆ. ಮೋಷನ್ ಸ್ಮೂದಿಂಗ್ ಆಫ್, ನಾಯ್ಸ್ ರಿಡಕ್ಷನ್ ಆಫ್, ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಬದಲಾಗುವ ‘ಇಕೋ’ ಸೆನ್ಸರ್ ಕೂಡ ಆಫ್.

ಕಪ್ಪು ಸರಿಯಿದೆಯೇ ಎಂದು ನೋಡಲು ಈ ಸಿನಿಮಾದ ಆರಂಭಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಶುರುವಿನಲ್ಲಿ ಪರದೆ ಪೂರ್ತಿ ಕಪ್ಪಾಗಿರುತ್ತದೆ, ಹಾಡು ಮಾತ್ರ ಕೇಳುತ್ತದೆ. ಆಗ ಮೇಲೆ ಕೆಳಗಿನ ಪಟ್ಟಿಗೂ ನಡುವಿನ ಚಿತ್ರಕ್ಕೂ ಗೆರೆ ಕಾಣಬಾರದು, ಕಂಡರೂ ಕಣ್ಣಿಟ್ಟು ಹುಡುಕಿದರೆ ಮಾತ್ರ ಕಾಣಬೇಕು. ನಡುವಿನದು ಬೂದುಬಣ್ಣಕ್ಕೆ ಹೊಳೆಯುತ್ತಿದ್ದರೆ ಬ್ರೈಟ್‌ನೆಸ್ ಒಂದೊಂದೇ ಅಂಕಿ ಇಳಿಸಿ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಮೂಲಕ ಹಾಕುವವರಿಗೆ ಇಳಿಸಿದರೂ ಬೂದು ಹೋಗದಿದ್ದರೆ, ಲ್ಯಾಪ್‌ಟಾಪ್ ‘ಲಿಮಿಟೆಡ್’ ರೇಂಜ್‌ನಲ್ಲಿ ಕಳಿಸುತ್ತಿದ್ದು ಟಿವಿ ‘ಫುಲ್’ ಎಂದು ಓದುತ್ತಿದೆ ಎಂದರ್ಥ. ಎರಡನ್ನೂ ಒಂದೇ ಮಾಡಿ. ಉಲ್ಟಾ ಆಗಿದ್ದರೆ ಕರಿಬಟ್ಟೆಯ ಮಡಿಕೆಗಳೆಲ್ಲ ಅಳಿಸಿ ಬರೀ ಮಸಿ ಕಾಣುತ್ತದೆ.

ಎಷ್ಟು ದೊಡ್ಡ ಪರದೆ? 32 ಇಂಚಿನ ಟಿವಿಯಲ್ಲಿ ಈ ಚಿತ್ರದ ಎತ್ತರ ಬರೀ 30 ಸೆಂಟಿಮೀಟರ್, 43 ಇಂಚಿನದರಲ್ಲಿ 40. ಹಾಗಾಗಿ ಮಾಮೂಲಿ ಜಾಗಕ್ಕಿಂತ ಹತ್ತಿರ ಕೂರಬೇಕು: 32 ಇಂಚಿಗೆ ಐದಡಿ, 43ಕ್ಕೆ ಆರೂವರೆ ಅಡಿ. ಕೆರೆಯ ಆಚೆ ದಡದ ಜೊಂಡಿನ ನಡುವೆ ಕರಿಬಟ್ಟೆಯ ಹೆಂಗಸೊಬ್ಬಳು ಹಾಡುಹಗಲೇ ನಿಂತಿರುವ ದೃಶ್ಯ ಬರುತ್ತದೆ. ಆಕೆ ತೀರಾ ಚಿಕ್ಕದಾಗಿ ಕಾಣುತ್ತಾಳೆ, ಅಲುಗಾಡುವುದಿಲ್ಲ. ಹತ್ತಡಿ ದೂರದ ಸೋಫಾದಿಂದ ನೋಡಿದರೆ ಅದೊಂದು ಮರದ ಬೊಡ್ಡೆ. ಮೊಬೈಲ್‌ನಲ್ಲಂತೂ ಅದೂ ಕಾಣದು.

ಪ್ರೊಜೆಕ್ಟರ್ ಇದ್ದರೆ ಆರಡಿ ಅಗಲ ಸಾಕು, ಎತ್ತರ ಎರಡೂವರೆ ಅಡಿ ಬರುತ್ತದೆ. ಥ್ರೋ ರೇಶಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಎನ್ನುವುದು) 1.4 ಇರುವ ಪ್ರೊಜೆಕ್ಟರನ್ನು ಪರದೆಯಿಂದ ಸುಮಾರು ಎಂಟೂವರೆ ಅಡಿ ದೂರ ಇಡಬೇಕು. ಬಿಳಿ ಬೆಡ್‌ಶೀಟ್ ಕಟ್ಟುವವರು ಹಿಂದೆ ಕರಿಕಂಬಳಿಯೊಂದನ್ನು ತೂಗುಹಾಕಿ. ಶೀಟಿನಿಂದ ಬೆಳಕು ಆಚೆ ಸೋರಿ ಹಿಂದಿನ ಗೋಡೆಗೆ ಬಡಿದು ಮರಳಿ ಬಂದರೆ ಕಪ್ಪೆಲ್ಲ ಬೂದಿಯಾಗುತ್ತದೆ. ಇಸ್ತ್ರಿ ಮಾಡಿ, ಅಂಚಿಗೆ ಹಗ್ಗ ಹೊಲಿದು ನಾಲ್ಕೂ ಮೂಲೆಗೆ ಎಳೆದು ಕಟ್ಟಿ. ಒಂದೇ ಒಂದು ಮಡಿಕೆ ಮುಖದ ಮೇಲೆ ಬಿದ್ದರೂ ಕಣ್ಣು ಅಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಪ್ರೊಜೆಕ್ಟರಿನ ಲೆನ್ಸಿಗೆ ಬೂಷ್ಟು ಹಿಡಿದಿರುತ್ತದೆ. ಹಿಂದಿನ ದಿನವೇ ತೆಗೆದು ಬಿಳಿಗೋಡೆಗೆ ಬೆಳಕು ಹಾಯಿಸಿ ನೋಡಿ. ತಣ್ಣನೆಯ ಕೋಣೆಯಿಂದ ಬೆಚ್ಚನೆಯ ಕೋಣೆಗೆ ತಂದ ತಕ್ಷಣ ಹಾಕಿದರೆ ಲೆನ್ಸಿನ ಮೇಲೆ ನೀರಾವಿ ಕೂರುತ್ತದೆ, ಒಂದು ಗಂಟೆ ಮೊದಲೇ ತಂದಿಡಿ.

ಸದ್ದು

ಇದು ಒಂದೇ ಚಾನೆಲ್‌ನ ಮೋನೋ ಸಿನಿಮಾ. ಸರೌಂಡ್, ತ್ರೀಡಿ ಸೌಂಡ್ ಎಂಬುದೆಲ್ಲ ಆಫ್ ಮಾಡಿ. ಎರಡು ಮೂಲೆಯ ದೊಡ್ಡ ಸ್ಪೀಕರ್‌ಗಿಂತ ಪರದೆಯ ನಡುಮಧ್ಯದ ಕೆಳಗೆ ಇಟ್ಟ ಒಂದೇ ಒಳ್ಳೆಯ ಸ್ಪೀಕರ್ ಮೇಲು. ‘ಆಟೋ ವಾಲ್ಯೂಮ್’, ‘ನೈಟ್ ಮೋಡ್’ ಆಫ್. ಇವು ಪಿಸುಮಾತನ್ನೂ ಕಿರುಚನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತವೆ. ಈ ಸಿನಿಮಾದಲ್ಲಿ ಅರ್ಧ ಭಯ ಪಿಸುಮಾತಿನಲ್ಲೇ ಇದೆ.

ವಾಲ್ಯೂಮ್ ಎಷ್ಟಿಡಬೇಕು ಎನ್ನುವುದನ್ನೂ ಆರಂಭದ ಹಾಡಿನಿಂದಲೇ ತೀರ್ಮಾನಿಸಿ. ವಾದ್ಯವಿಲ್ಲದೆ ಒಂಟಿ ದನಿಯೊಂದು ಹಾಡುತ್ತದೆ, ಅದು ಕೋಣೆಯ ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಬೇಕು, ಗಡುಸಾಗಿ ಅಲ್ಲ. ಆಮೇಲೆ ರಿಮೋಟ್ ಮುಟ್ಟಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಚಿತ್ರಕ್ಕೆ ಜಾರ್ಜ್ ಒರಿಕ್ ಸಂಗೀತದ ಜೊತೆಗೆ ಡಾಫ್ನಿ ಓರಮ್ ತಯಾರಿಸಿದ ಎಲೆಕ್ಟ್ರಾನಿಕ್ ಸದ್ದುಗಳಿವೆ, ಟೈಟಲ್‌ನಲ್ಲಿ ಆಕೆಯ ಹೆಸರಿಲ್ಲ. ಸತ್ತವರು ಕಾಣಿಸಿಕೊಳ್ಳುವ ಹೊತ್ತಿಗೆ ಕಂಪಿಸುವಂಥ ಗುಂಯ್ ಎಂಬ ಸದ್ದೊಂದು ಏಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಯುವ ಸ್ಪೀಕರ್ ಕೂಡ ಹೀಗೆಯೇ ಗುಂಯ್‌ಗುಡುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದರೆ ಇಡೀ ಸಿನಿಮಾಕ್ಕೆ ಆ ಸದ್ದು ಅಂಟಿಕೊಂಡು, ನಿಜವಾದದ್ದು ಬಂದಾಗ ಯಾರ ಗಮನಕ್ಕೂ ಬರುವುದಿಲ್ಲ. ಮೊದಲೇ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರ್ ಮೇಲೆ ಸ್ಪೀಕರ್ ಹಾಕಿ ಕಿವಿಯಿಟ್ಟು ಕೇಳಿ. ಗುಂಯ್ ಎಂದರೆ ಬ್ಯಾಟರಿಯಲ್ಲಿ ನಡೆಯುವ ಬ್ಲೂಟೂತ್ ಸ್ಪೀಕರನ್ನು ತಂತಿಯಲ್ಲೇ ಜೋಡಿಸಿ. ತಂತಿಯಿಲ್ಲದೆ ಜೋಡಿಸಿದರೆ ತುಟಿಗೂ ಮಾತಿಗೂ ತಾಳ ತಪ್ಪಬಹುದು.

ಕರೆಂಟ್

43 ಇಂಚಿನ ಎಲ್‌ಇಡಿ ಟಿವಿ ಹೆಚ್ಚೆಂದರೆ ನೂರು ವ್ಯಾಟ್, ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಸೇರಿ ಇನ್ನೊಂದು ಅರುವತ್ತು. 160 ವ್ಯಾಟ್‌ನ ಹೊರೆ ನೂರು ನಿಮಿಷಕ್ಕೆ ಸುಮಾರು 270 ವ್ಯಾಟ್ ಅವರ್ ತಿನ್ನುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿ ಲೆಕ್ಕಕ್ಕೆ 1800, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಾಲ್ಕೈದು ವರ್ಷ ಹಳೆಯದಾದರೆ ಇನ್ನೂ ಕಡಿಮೆ. ಆದರೂ ಒಂದು ಸಿನಿಮಾಕ್ಕೆ ಧಾರಾಳ, ಆ ಹೊತ್ತಿಗೆ ಮನೆಯ ಉಳಿದ ಫ್ಯಾನು ಲೈಟುಗಳು ಅದರ ಮೇಲಿರಬಾರದು ಅಷ್ಟೇ. ಇನ್ವರ್ಟರಿನ ಹಿಂಬದಿಯ ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಟಿವಿ ಆರಿ ಮತ್ತೆ ಮೊದಲಿಂದ ಹೊತ್ತಿಕೊಳ್ಳುತ್ತದೆ.

ಜನರೇಟರ್ ನೆಚ್ಚಿಕೊಂಡು ಈ ಸಿನಿಮಾ ನೋಡುವುದು ವ್ಯರ್ಥ, ಅದರ ಸದ್ದಿಗೆ ಎಲ್ಲವೂ ಹೋಗುತ್ತದೆ. ಹಾಕಲೇಬೇಕಾದರೆ ಮನೆಯಿಂದ ದೂರ ಬಯಲಲ್ಲಿಡಿ. ಮಳೆಗೆ ನೆನೆಯುತ್ತದೆಂದು ಜಗಲಿಯಲ್ಲೋ ಗೋಡೆ ಮರೆಯಲ್ಲೋ ಇಟ್ಟು ಕಿಟಕಿ ಬಾಗಿಲು ಮುಚ್ಚಿ ಕೂತರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿ ಪ್ರಾಣಕ್ಕೇ ಬರುತ್ತದೆ.

ಕನ್ನಡ ಸಬ್‌ಟೈಟಲ್ ಹಾಕಿಕೊಳ್ಳುವುದು

ಹಳೆಯ ಬ್ರಿಟಿಷ್ ಉಚ್ಚಾರ, ಅದರ ಮೇಲೆ ಪಿಸುಮಾತು. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಸಬ್‌ಟೈಟಲ್ ಬೇಕಾಗುತ್ತದೆ. ಅಜ್ಜಿ, ಮಾವ, ಅತ್ತೆ ಎಲ್ಲರೂ ಕೂರುವ ಮನೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕತೆ ಹೇಳತೊಡಗಿದರೆ ನಿಶ್ಶಬ್ದ ಎಲ್ಲಿಂದ ಬರಬೇಕು? ಎರಡು ಮೂರು ಜನ ಸೇರಿ ಒಂದು ವಾರದ ಸಂಜೆಗಳಲ್ಲಿ ಕನ್ನಡ ಸಬ್‌ಟೈಟಲ್ ಮಾಡಿಕೊಳ್ಳುವುದು ಕಷ್ಟವಲ್ಲ, ಮನೆಯ ಬಳಕೆಗೆ ಇದು ಸಾಕು.

‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಇಂಗ್ಲಿಷ್ ಸಬ್‌ಟೈಟಲ್‌ನ ಎಸ್‌ಆರ್‌ಟಿ ಕಡತ ತೆರೆದು, ಸಮಯವನ್ನು ಹಾಗೇ ಇಟ್ಟುಕೊಂಡು ಸಾಲಿಗೆ ಸಾಲು ಕನ್ನಡ ಬರೆಯಿರಿ. ಒಮ್ಮೆಗೆ ಎರಡೇ ಸಾಲು, ಸಾಲಿಗೆ ಮೂವತ್ತೈದು ಅಕ್ಷರದೊಳಗೆ. ಕನ್ನಡ ಅಕ್ಷರ ಅಗಲ, ಅದಕ್ಕಿಂತ ಉದ್ದವಾದರೆ ಹಿರಿಯರು ಓದಿ ಮುಗಿಸುವುದರೊಳಗೆ ಮಾಯವಾಗುತ್ತದೆ. ಮಾತನ್ನೆಲ್ಲ ತರಬೇಕಿಲ್ಲ, ಹುರುಳು ಬಂದರೆ ಸಾಕು. ಮಕ್ಕಳು ಟೀಚರನ್ನು ‘ಮಿಸ್’ ಎಂದು ಕರೆಯಲಿ, ನಮ್ಮ ಕಾನ್ವೆಂಟ್ ಮಕ್ಕಳೂ ಹಾಗೇ ಕರೆಯುವುದು. ಮೈಲ್ಸ್ ದೊಡ್ಡ ಗಂಡಸಿನ ಧಾಟಿಯಲ್ಲಿ ಮಾತಾಡುತ್ತಾನೆ. ಆ ಸಭ್ಯತೆ ಉಳಿಯಬೇಕು, ಅವನ ಬಾಯಲ್ಲಿ ಎಲ್ಲೂ ‘ನೀನು’ ಹಾಕಬೇಡಿ.

ಕಡತವನ್ನು ಯುಟಿಎಫ್-8ರಲ್ಲೇ ಉಳಿಸಿ. ಬೇರೆಯದರಲ್ಲಿ ಉಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಲ್ಯಾಪ್‌ಟಾಪ್‌ನ ವಿಎಲ್‌ಸಿ ಪ್ಲೇಯರಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಯ ಸ್ವಂತ ಪ್ಲೇಯರಿನಲ್ಲಿ ಹಾಕಿದಾಗ ತೊಂದರೆ: ಹಲವು ಟಿವಿಗಳಲ್ಲಿ ‘ಕ್ಷ’, ‘ತ್ತ’ಗಳು ಒಡೆದು ಬರುತ್ತವೆ, ಇಲ್ಲವೇ ಬರೀ ಚೌಕ ಕಾಣುತ್ತದೆ. ಅಂಥ ಟಿವಿಗೆ ಲ್ಯಾಪ್‌ಟಾಪ್ ಜೋಡಿಸುವುದೇ ಸುಲಭ.

ಸಬ್‌ಟೈಟಲ್ ಮಾತಿಗಿಂತ ಮುಂದೆ ಹಿಂದೆ ಆದರೆ ವಿಎಲ್‌ಸಿಯಲ್ಲಿ ‘ಜಿ’ ಒತ್ತಿದರೆ ಬೇಗ, ‘ಎಚ್’ ಒತ್ತಿದರೆ ತಡ, ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್. ಆರಂಭದಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಹಿಂದೆ ಬಿದ್ದರೆ ಅದು ಪಾಲ್ ಡಿಸ್ಕಿನ ವೇಗದ ವ್ಯತ್ಯಾಸ, ಕೀಲಿ ಒತ್ತಿ ಪ್ರಯೋಜನವಿಲ್ಲ. ಎಡಿಟರಿನಲ್ಲಿ ಫ್ರೇಮ್ ರೇಟನ್ನು 23.976ರಿಂದ 25ಕ್ಕೆ ಬದಲಿಸಿ ಮತ್ತೆ ಉಳಿಸಿ. ಅಕ್ಷರಗಳನ್ನು ಆದಷ್ಟು ಕೆಳಗಿನ ಕಪ್ಪುಪಟ್ಟಿಗೇ ಇಳಿಸಿ, ಚಿತ್ರದ ಮೇಲೆ ಬರೆದಷ್ಟೂ ಕತ್ತಲು ಕಡಿಮೆಯಾಗುತ್ತದೆ.

ಸಮಾಜ ಭವನದಲ್ಲೋ ಶಾಲೆಯಲ್ಲೋ ಎಲ್ಲರಿಗೂ ತೋರಿಸುವುದಾದರೆ ಹಕ್ಕುದಾರರಿಂದ ಪ್ರದರ್ಶನದ ಅನುಮತಿ ಬೇಕು. ಮನೆಗೆಂದು ಕೊಂಡ ಡಿಸ್ಕ್ ಅದಕ್ಕೆ ಸಲ್ಲದು.

ಯಾರನ್ನು ಕೂರಿಸಬೇಕು

ಮಕ್ಕಳಿರುವ ಸಿನಿಮಾ ಎಂದು ಮಕ್ಕಳಿಗೆ ಹಾಕಬಾರದು. ಬ್ರಿಟನ್ನಿನಲ್ಲಿ ಬಿಡುಗಡೆಯಾದಾಗ ಇದಕ್ಕೆ ವಯಸ್ಕರ ‘ಎಕ್ಸ್’ ಪ್ರಮಾಣಪತ್ರ ಕೊಟ್ಟಿದ್ದರು. ಇಂದಿನ ಕಣ್ಣಿಗೆ ಕ್ರೌರ್ಯ ಕಡಿಮೆ ಅನಿಸಬಹುದು, ಆದರೆ ದೊಡ್ಡವರು ಮತ್ತು ಮಕ್ಕಳ ನಡುವಿನ ಅಸಹಜ ಸಲಿಗೆಯ ಸುಳಿವು, ಒಂದು ಮುತ್ತು, ಒಂದು ಸಾವು ಇದರಲ್ಲಿವೆ. ಹದಿಮೂರು ದಾಟಿದವರು ಸಾಕು, ಅದೂ ಮನೆಯ ದೊಡ್ಡವರೊಬ್ಬರು ಮೊದಲು ಒಬ್ಬರೇ ನೋಡಿದ ಮೇಲೆ. ಬಚ್ಚಲು ಹೊರಗಿರುವ ಮನೆಯಾದರೆ ಶುರುವಿಗೆ ಮುಂಚೆಯೇ ಎಲ್ಲರೂ ಹೋಗಿಬರಲಿ. ಮುಗಿದ ಮೇಲೆ ಚಿಕ್ಕವರನ್ನು ಒಬ್ಬರನ್ನೇ ಕಳಿಸಬೇಡಿ, ಹೆದರಿದ್ದಾರೆಂದು ಕೀಟಲೆಯನ್ನೂ ಮಾಡಬೇಡಿ.

ಕೊಡಗಿನ ಮಕ್ಕಳಿಗೆ ಗುಳಿಗ, ಕುಟ್ಟಿಚಾತನ ಕತೆ ಹೊಸದಲ್ಲ. ಆ ಶಕ್ತಿಗಳಿಗೆ ಒಂದು ಜಾಗ ಇದೆ, ಹರಕೆ ಇದೆ, ಮುನಿದರೆ ಸಮಾಧಾನಪಡಿಸುವ ದಾರಿ ಇದೆ. ಈ ಸಿನಿಮಾದ ಸತ್ತವರು ಏನನ್ನೂ ಕೇಳುವುದಿಲ್ಲ, ಬರೀ ನಿಂತು ನೋಡುತ್ತಾರೆ. ‘ಅವರಿಗೆ ಏನು ಬೇಕಂತೆ?’ ಎಂದು ಯಾರಾದರೂ ನಡುವೆ ಕೇಳುವುದು ಖಂಡಿತ. ಸಿನಿಮಾ ಅದನ್ನು ಹೇಳುವುದಿಲ್ಲ ಎಂದು ಮೊದಲೇ ತಿಳಿಸಿಬಿಟ್ಟರೆ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿದು ಕೆಲಸ ಮಾಡುತ್ತದೆ.

ನೋಡುವಾಗ

ಮೊಬೈಲುಗಳು ಬೇರೆ ಕೋಣೆಯಲ್ಲಿ. ತಿನ್ನಲು ಹಲಸಿನ ಚಿಪ್ಸ್ ಬೇಡ, ಅದು ಮುಗಿದ ಮೇಲೆ. ಆರಂಭದ ಕಪ್ಪು ಪರದೆ ನೋಡಿ ‘ಚಿತ್ರ ಬರ್ತಿಲ್ಲ’ ಎಂದು ಕೇಬಲ್ ಅಲುಗಾಡಿಸುವವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಮುಂಚೆಯೇ ಹೇಳಿಡಿ.

ಮೊದಲ ಸಲ ನೋಡುವವರು ಒಂದನ್ನು ಮಾತ್ರ ಗಮನಿಸಿದರೆ ಸಾಕು: ಹೆಚ್ಚಿನ ಕಡೆ ಮೊದಲು ಮಿಸ್ ಗಿಡೆನ್ಸ್ ಮುಖ ಬೆದರುವುದನ್ನು ತೋರಿಸಿ, ಆಮೇಲೆ ಆಕೆ ಕಂಡದ್ದನ್ನು ತೋರಿಸುತ್ತಾರೆ. ಅಂದರೆ ನಾವು ನೋಡುತ್ತಿರುವುದು ಆಕೆಯ ಕಣ್ಣಿನಿಂದ. ಅದೇ ಹೊತ್ತಿಗೆ ಪಕ್ಕದಲ್ಲಿರುವ ಮಗು ಎತ್ತ ನೋಡುತ್ತಿದೆ? ಮೈಲ್ಸ್ ಆಗಿ ನಟಿಸಿದ ಮಾರ್ಟಿನ್ ಸ್ಟೀಫನ್ಸ್, ಫ್ಲೋರಾ ಆಗಿ ನಟಿಸಿದ ಪಮೇಲಾ ಫ್ರಾಂಕ್ಲಿನ್ ಇಬ್ಬರಿಗೂ ಕ್ಲೇಟನ್ ಪೂರ್ತಿ ಚಿತ್ರಕತೆ ಓದಲು ಕೊಟ್ಟಿರಲಿಲ್ಲ. ಆದ್ದರಿಂದಲೇ ಆ ಮುಖಗಳಲ್ಲಿ ಕಳ್ಳತನ ಹುಡುಕಿದಷ್ಟೂ ಸಿಕ್ಕಂತೆಯೂ ಇರುತ್ತದೆ, ಸಿಗದಂತೆಯೂ ಇರುತ್ತದೆ.

ಸಣ್ಣ ಸಣ್ಣ ವಸ್ತುಗಳ ಮೇಲೂ ಕಣ್ಣಿರಲಿ. ತೋಟದ ಕಲ್ಲಿನ ಮಗುವಿನ ಬಾಯೊಳಗಿಂದ ದುಂಬಿಯೊಂದು ಹೊರಬರುತ್ತದೆ. ಜೇಡ ಚಿಟ್ಟೆಯನ್ನು ತಿನ್ನುವುದನ್ನು ಫ್ಲೋರಾ ಖುಷಿಯಿಂದ ತೋರಿಸುತ್ತಾಳೆ. ಯಾವ ಮಗುವಾದರೂ ಹಾಗೇ ತೋರಿಸೀತು. ಅದನ್ನು ಕೆಟ್ಟದ್ದೆಂದು ಓದುವವರು ನಾವೇ, ಮಿಸ್ ಗಿಡೆನ್ಸ್ ಜೊತೆಗೆ.

ಇದರಲ್ಲಿ ಇಂಟರ್‌ವಲ್ ಇಲ್ಲ, ನಿಲ್ಲಿಸದೆ ನೋಡುವುದೇ ಸರಿ. ವಯಸ್ಸಾದವರಿಗಾಗಿ ನಿಲ್ಲಿಸಲೇಬೇಕಾದರೆ ಒಂದೇ ಜಾಗ ಇದೆ: ಕಣ್ಣುಮುಚ್ಚಾಲೆ ಆಟದ ನಡುವೆ ಕಿಟಕಿಯಾಚೆ ಮುಖ ಕಂಡಮೇಲೆ, ಮನೆಯ ಉಸ್ತುವಾರಿ ಮಿಸೆಸ್ ಗ್ರೋಸ್ ಆ ಮನುಷ್ಯ ಯಾರೆಂದು ಹೇಳುವ ಮಾತುಕತೆ ಮುಗಿದ ಹೊತ್ತಿಗೆ. ಐದು ನಿಮಿಷ ಸಾಕು, ದೊಡ್ಡ ಲೈಟ್ ಹಾಕಬೇಡಿ. ಕತ್ತಲಿಗೆ ಹೊಂದಿದ ಕಣ್ಣು ಮತ್ತೆ ಹೊಂದಲು ಹತ್ತು ನಿಮಿಷವಾದರೂ ಹಿಡಿಯುತ್ತದೆ.

ಎರಡನೆಯ ಸಲ ನೋಡುವವರು ಪಾಠದ ಕೋಣೆಯ ದೃಶ್ಯಕ್ಕೆ ಬಂದಾಗ ಸ್ಲೇಟಿನ ಮೇಲೆ ಕಣ್ಣಿಡಿ. ಮೇಜಿನ ಮುಂದೆ ಕೂತು ಅಳುತ್ತಿದ್ದ ಹೆಂಗಸು ಕಾಣೆಯಾಗುತ್ತಾಳೆ, ಸ್ಲೇಟಿನ ಮೇಲೆ ಒಂದು ಹನಿ ಉಳಿಯುತ್ತದೆ, ಮಿಸ್ ಗಿಡೆನ್ಸ್ ಅದನ್ನು ಮುಟ್ಟಿ ನೋಡುತ್ತಾಳೆ. ಎಲ್ಲವೂ ಆಕೆಯ ಭ್ರಮೆ ಎಂದು ವಾದಿಸುವವರು ಈ ಹನಿಗೆ ಉತ್ತರ ಕೊಡಬೇಕು, ದೆವ್ವ ನಿಜ ಎನ್ನುವವರು ಮಕ್ಕಳು ಒಮ್ಮೆಯೂ ಒಪ್ಪಿಕೊಳ್ಳದ್ದಕ್ಕೆ. ಮುಗಿದ ಮೇಲಿನ ಮಾತುಕತೆಗೆ ಇದೊಂದೇ ಸಾಕು, ಹಿರಿಯರು ಕಿರಿಯರು ಎರಡು ಪಕ್ಷವಾಗುತ್ತಾರೆ.

ಇದು ಹಿಡಿಸಿದರೆ ಮುಂದೆ ನೋಡಬೇಕಾದ್ದು 1960ರ ‘ವಿಲೇಜ್ ಆಫ್ ದಿ ಡ್ಯಾಮ್ಡ್’, 77 ನಿಮಿಷ. ಅದೇ ಮಾರ್ಟಿನ್ ಸ್ಟೀಫನ್ಸ್ ಅಲ್ಲಿ ವಿಚಿತ್ರ ಮಕ್ಕಳ ಗುಂಪಿನ ಮುಂದಾಳು. ಆಮೇಲೆ 1955ರ ‘ದಿ ನೈಟ್ ಆಫ್ ದಿ ಹಂಟರ್’, ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಒಂದೇ ಚಿತ್ರ. ಕೊಲೆಗಾರನಿಂದ ತಪ್ಪಿಸಿಕೊಂಡು ಅಣ್ಣ ತಂಗಿ ದೋಣಿಯಲ್ಲಿ ಹೊಳೆಗುಂಟ ಸಾಗುವ ಭಾಗವನ್ನು ಮಕ್ಕಳ ಕಣ್ಣೆತ್ತರದಿಂದಲೇ ತೆಗೆದಂತಿದೆ. ಹದಿಮೂರಕ್ಕಿಂತ ಚಿಕ್ಕವರು ಹಟ ಹಿಡಿದರೆ 1944ರ ‘ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್’ ಹಾಕಿ. ಹೆಸರಿನಲ್ಲಿರುವಷ್ಟು ಹೆದರಿಕೆ ಒಳಗಿಲ್ಲ. ಒಂಟಿ ಹುಡುಗಿಯೊಬ್ಬಳು ಕಾಣದ ಗೆಳತಿಯನ್ನು ಕಂಡುಕೊಳ್ಳುವ ಕತೆ, 70 ನಿಮಿಷ, ಹತ್ತು ವರ್ಷದವರು ದೊಡ್ಡವರ ಪಕ್ಕ ಕೂತು ನೋಡಬಹುದು.

ಡಿಸ್ಕ್‌ಗಳನ್ನು ಮರದ ಬೀರುವಿನಲ್ಲಿ ಹಾಗೇ ಇಟ್ಟರೆ ಒಂದು ಮಳೆಗಾಲಕ್ಕೇ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಜೂನ್‌ಗೆ ಮುಂಚೆ ಪೊಟ್ಟಣ ಬದಲಿಸಿ. ಬೂಷ್ಟು ಬಂದಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.